ಏರಿಲ್ಲದ ಏರಿಯ ಮೇಲೆ

ಟಾರು ಕಾಣದ ಕಲ್ಲುಮಣ್ಣಿನ ದಾರಿಗೆ ನಮ್ಮ ಮಂಡ್ಯದ ಕಡೆ ಗರಸು ರಸ್ತೆ ಎನ್ನುತ್ತೇವೆ. ನಾನು ಸೈಕಲ್ ಕಲಿತದ್ದು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ. ಕಬ್ಬಿನ ಗಾಡಿಗಳು ಕೊರೆದ ಎರಡು ಜಾಡುಗಳಲ್ಲಿ ಒಂದನ್ನು ಹಿಡಿದು, ತಾತನ ಸೈಕಲ್ಲಿನಲ್ಲಿ ಒಳಪೆಡಲು ತುಳಿಯುತ್ತಾ ಕಲಿತೆ. ಅಂಥದೇ ಗರಸಿನ ಮೇಲೆ ಓಡಿಸಲೆಂದು ತಯಾರಾದ ಸೈಕಲ್ಲಿಗೆ ಈಗ ಫ್ರಾನ್ಸಿನ ಟುಲೂಸಿನಲ್ಲಿ ಎರಡು ತಿಂಗಳ ಮನೆ ಬಾಡಿಗೆಯಷ್ಟು ಹಣ ಸುರಿದಿದ್ದೇನೆ. ಗ್ರ್ಯಾವೆಲ್ ಬೈಕ್ ಎಂದು ಅದರ ಹೆಸರು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ನಲವತ್ತು ಮಿಲಿಮೀಟರ್ ಅಗಲದ ಟೈರು. ವಿಡಿಯೊ ಕರೆಯಲ್ಲಿ ತೋರಿಸಿದಾಗ ಅಪ್ಪ ಕೇಳಿದ್ದು ಮೂರೇ ಪ್ರಶ್ನೆ: ಕ್ಯಾರಿಯರ್ ಎಲ್ಲಿ, ಸ್ಟ್ಯಾಂಡ್ ಎಲ್ಲಿ, ಮಡ್‌ಗಾರ್ಡ್ ಎಲ್ಲಿ? ಮೂರೂ ಇಲ್ಲ. ಮಡ್‌ಗಾರ್ಡಿನ ವಿಷಯದಲ್ಲಿ ಅಪ್ಪನ ಮಾತು ನಿಜವಾಯಿತು, ಅದು ಆಮೇಲೆ.

ಟುಲೂಸ್ ವಿಮಾನ ಕಟ್ಟುವ ಊರು. ಬೆಂಗಳೂರಿನಿಂದ ಬಂದ ನಮ್ಮಂಥವರು ಇಲ್ಲಿ ಸಾಕಷ್ಟು ಜನರಿದ್ದೇವೆ. ಉಳಿದವರು ವಾರಾಂತ್ಯದಲ್ಲಿ ಕಾರು ತೆಗೆದುಕೊಂಡು ಸ್ಪೇನಿನ ಗಡಿಯವರೆಗೂ ಹೋಗಿ ಬರುತ್ತಾರೆ. ನಾನು ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಸೈಕಲ್ಲನ್ನು ರೈಲಿಗೆ ಹತ್ತಿಸಿಕೊಂಡು ವಿಲ್‌ಫ್ರಾಂಶ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದೆ. ಬೆನ್ನ ಚೀಲದಲ್ಲಿ ಒಂದು ಡಬ್ಬಿ ಪುಳಿಯೋಗರೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಕನಾಲ್ ದು ಮಿದಿ. ಟುಲೂಸಿನಿಂದ ಮೆಡಿಟರೇನಿಯನ್ ಬದಿಯ ಸರೋವರದವರೆಗೆ 240 ಕಿಲೋಮೀಟರ್ ಉದ್ದದ, ದೋಣಿ ಓಡಿಸುವ ಕಾಲುವೆ. ಹಿಂದೆ ಕುದುರೆಗಳು ದೋಣಿಯನ್ನು ಹಗ್ಗ ಕಟ್ಟಿ ಎಳೆದ ದಂಡೆಯೇ ಇಂದಿನ ಸೈಕಲ್ ಹಾದಿ. ಚಿತ್ರದಂತೆ ಇದೆ, ಸುಳ್ಳು ಹೇಳಲಾರೆ. ಆದರೆ ಈ ಭಾಗದಲ್ಲಿ ಹಾದಿಗೆ ಟಾರು ಹಾಕಿದ್ದಾರೆ, ಪಕ್ಕದಲ್ಲೇ ಹೆದ್ದಾರಿ ಮೊರೆಯುತ್ತಿರುತ್ತದೆ. ದಂಡೆಯುದ್ದಕ್ಕೂ ನಿಂತಿದ್ದ ಪ್ಲೇನ್ ಎಂಬ ಜಾತಿಯ ಮರಗಳಿಗೆ ಶಿಲೀಂಧ್ರ ರೋಗ ತಗುಲಿದ್ದು 2006ರಲ್ಲಿ ಗೊತ್ತಾಯಿತು. ಅಂದಿನಿಂದ ಸಾವಿರಗಟ್ಟಲೆ ಮರಗಳನ್ನು ಕಡಿದಿದ್ದಾರೆ. ಸಾಲು ಮರದ ನೆರಳಿನಲ್ಲಿ ಹೋಗುತ್ತಿದ್ದವನು ಇದ್ದಕ್ಕಿದ್ದಂತೆ ಬೋಳು ದಂಡೆಗೆ, ಮೊಳಕಾಲೆತ್ತರದ ಹೊಸ ಸಸಿಗಳ ನಡುವೆ ಬಂದುಬಿಡುತ್ತೇನೆ. ಕಾಲುವೆಯ ಬಗ್ಗೆ ಇಷ್ಟು ಸಾಕು. ನಾನು ಹೊರಟದ್ದು ಅದಕ್ಕಲ್ಲ, ಅದಕ್ಕೆ ನೀರು ತರುವ ತೋಡಿಗೆ.

ಇಲ್ಲಿ ಸ್ವಲ್ಪ ನೀರಿನ ಲೆಕ್ಕ ಹೇಳಬೇಕು. ನೊರೂಜ್ ಎಂಬ ಜಾಗ ಇಡೀ ಕಾಲುವೆಯ ನೆತ್ತಿ, ಸಮುದ್ರ ಮಟ್ಟದಿಂದ ಸುಮಾರು 190 ಮೀಟರ್ ಎತ್ತರ. ಅಲ್ಲಿಂದ ಒಂದು ಕಡೆ ಇಳಿದ ನೀರು ಅಟ್ಲಾಂಟಿಕ್ಕಿಗೆ, ಇನ್ನೊಂದು ಕಡೆ ಇಳಿದದ್ದು ಮೆಡಿಟರೇನಿಯನ್‌ಗೆ. ದೋಣಿಯನ್ನು ಎರಡು ಗೇಟುಗಳ ನಡುವಿನ ತೊಟ್ಟಿಯಲ್ಲಿ ನಿಲ್ಲಿಸಿ, ನೀರು ತುಂಬಿಸಿ ಏರಿಸುತ್ತಾರೆ, ನೀರು ಬಿಟ್ಟು ಇಳಿಸುತ್ತಾರೆ. ಹಾಗೆ ಗೇಟು ತೆರೆದಾಗಲೆಲ್ಲ ಒಂದು ತೊಟ್ಟಿ ನೀರು ಕೆಳಗೆ ಹೋಗಿಬಿಡುತ್ತದೆ, ಅದೂ ಎರಡೂ ಕಡೆಗೆ. ನೆತ್ತಿಯಲ್ಲಿ ನದಿಯಿಲ್ಲ. ಹಾಗಾದರೆ ನೀರು ಎಲ್ಲಿಂದ? ಇದನ್ನು ಬಿಡಿಸಿದ ಪಿಯೆರ್ ಪೋಲ್ ರಿಕೆ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ. ಮೊಂತಾಞ್ ನ್ವಾರ್, ಅಂದರೆ ಕಪ್ಪು ಬೆಟ್ಟದ ಹೊಳೆಗಳನ್ನೆಲ್ಲ ಅಡ್ಡಗಟ್ಟಿ, ಒಂದು ಅಣೆಕಟ್ಟು ಕಟ್ಟಿ, ಗುಡ್ಡಗಳನ್ನು ಬಳಸಿಕೊಂಡು ಬರುವ ತೋಡಿನಲ್ಲಿ ನೀರನ್ನು ನೊರೂಜಿಗೆ ಹರಿಸಿದ. 1666ರಲ್ಲಿ ಹದಿನಾಲ್ಕನೇ ಲೂಯಿಯ ಅಪ್ಪಣೆ ಸಿಕ್ಕಿತು. ಕಾಲುವೆ ತೆರೆದದ್ದು 1681ರ ಮೇ ತಿಂಗಳಲ್ಲಿ. ರಿಕೆ ಅದಕ್ಕೆ ಏಳೆಂಟು ತಿಂಗಳ ಮುಂಚೆ ತೀರಿಕೊಂಡಿದ್ದ, ತಲೆಯ ಮೇಲೆ ಸಾಲ ಹೊತ್ತು.

ಆ ತೋಡಿಗೆ ರಿಗೋಲ್ ಎನ್ನುತ್ತಾರೆ. ನೊರೂಜಿನಲ್ಲಿ ಅದರ ದಂಡೆಗೆ ತಿರುಗಿಕೊಂಡು ಹತ್ತು ನಿಮಿಷವಾಗುವಷ್ಟರಲ್ಲಿ ಹೆದ್ದಾರಿಯ ಸದ್ದು ಸತ್ತಿತು. ಟಾರು ಮುಗಿದು ಗರಸು, ಗರಸು ಮುಗಿದು ಹುಲ್ಲು, ಹುಲ್ಲಿನ ನಡುವೆ ಒಂದು ಗೇಣಗಲದ ಜಾಡು. ನಮ್ಮ ಹಂಚಿಕೆ ನಾಲೆಯಷ್ಟೇ ಅಗಲದ ನೀರು, ಎರಡೂ ಬದಿ ಮರ, ಮರದಾಚೆ ಕಣ್ಣು ಚುಚ್ಚುವ ಹಳದಿ ಸಾಸಿವೆ ಜಾತಿಯ ಹೊಲ. ಹೆಗ್ಗಣಕ್ಕೆ ಬೆಕ್ಕಿನ ಮೈ ಬಂದಂಥ ರಗೊಂಡಾಂ ಎಂಬ ಪ್ರಾಣಿ ದಂಡೆಯ ಮೇಲೆ ಕುಳಿತು ಹುಲ್ಲು ಜಗಿಯುತ್ತಿತ್ತು. ನಾನು ತೀರ ಹತ್ತಿರ ಬಂದ ಮೇಲೆ ಅವಸರವಿಲ್ಲದೆ ನೀರಿಗೆ ಜಾರಿತು.

ನೀರು ನನ್ನ ಎದುರಿಗೆ ಬರುತ್ತಿತ್ತು. ಅಂದರೆ ನಾನು ಏರುತ್ತಿದ್ದೆ. ಕಾಲಿಗೆ ಅದು ಗೊತ್ತೇ ಆಗಲಿಲ್ಲ. ಅಕ್ಕಪಕ್ಕದ ಡಾಂಬರು ರಸ್ತೆಗಳು ದಿಣ್ಣೆ ಹತ್ತಿ ಇಳಿದು ಏದುಸಿರು ಬಿಡಿಸುವ ಸೀಮೆ ಇದು. ನೀರಿನ ಜೊತೆ ಹೋಗುವವನಿಗೆ ಮಾತ್ರ ಆ ಕಷ್ಟವಿಲ್ಲ. ಬದಲಿಗೆ ಸುತ್ತು. ನೊರೂಜಿನಿಂದ ರೆವೆಲ್ ಊರಿಗೆ ಹಕ್ಕಿ ಹಾರಿದರೆ ಇಪ್ಪತ್ತು ಕಿಲೋಮೀಟರೂ ಇಲ್ಲ. ತೋಡು ಪ್ರತಿ ಗುಡ್ಡವನ್ನೂ ಬಳಸಿ ಅದನ್ನು ಮೂವತ್ತರ ಮೇಲೆ ಮಾಡಿದೆ. ಒಂದು ಚರ್ಚಿನ ಗೋಪುರ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಆಮೇಲೆ ಬೆನ್ನ ಹಿಂದೆ ಕಂಡಿತು. ಅಷ್ಟು ಹೊತ್ತೂ ಅದು ಅಷ್ಟೇ ದೂರದಲ್ಲಿತ್ತು.

ಮೂರು ದಿನದ ಹಿಂದೆ ಮಳೆಯಾಗಿತ್ತು. ಇಲ್ಲಿಯ ಮಣ್ಣು ನಮ್ಮ ಎರೆಮಣ್ಣಿನ ಖಾಸಾ ತಮ್ಮ, ಜೇಡಿ ಜೇಡಿ. ಟೈರಿಗೆ ಮೆತ್ತಿಕೊಂಡು, ಫೋರ್ಕಿನ ಸಂದಿಯಲ್ಲಿ ಮುದ್ದೆ ಕಟ್ಟಿತು. ಮುಂದಿನ ಚಕ್ರ ಉರುಳುವ ಬದಲು ಉಜ್ಜತೊಡಗಿತು. ಇಳಿದು ಕಡ್ಡಿಯಿಂದ ಕೆತ್ತಬೇಕಿತ್ತು. ಇನ್ನೊಂದು ನೂರು ಮೀಟರ್ ಎಂದು ತುಳಿದೆ. ಅಡ್ಡ ಮಲಗಿದ್ದ ಒದ್ದೆ ಬೇರಿನ ಮೇಲೆ ಚಕ್ರ ಜಾರಿ, ಎಡಗಡೆಯ ಕೆಸರಿನಲ್ಲಿ ಅಂಗಾತ ಬಿದ್ದೆ. ಬಲಗಡೆ ಬಿದ್ದಿದ್ದರೆ ರಿಕೆಯ ನೀರಿಗೇ ಬೀಳುತ್ತಿದ್ದೆ. ಮೊಣಕೈ ತರಚಿತ್ತು, ಸೈಕಲ್ಲಿಗೆ ಏನೂ ಆಗಿರಲಿಲ್ಲ. ಚೀಲದಲ್ಲಿ ಡಬ್ಬಿಯ ಮುಚ್ಚಳ ಹಾರಿತ್ತು. ಕಡಲೆಬೀಜ ಪಂಪಿನೊಳಗೆ, ಕರಿಬೇವು ಪಂಕ್ಚರ್ ಸಾಮಾನಿಗೆ ಅಂಟಿಕೊಂಡಿತ್ತು.

ಚೀಲ ಬಿಚ್ಚಿಕೊಂಡು ಕುಳಿತಿರುವಾಗ ನಾಯಿಯೊಡನೆ ಬಂದ ವೃದ್ಧರೊಬ್ಬರು ‘ಬೋಂಜೂರ್, ಮಸ್ಯೂ’ ಎಂದು ನಿಂತರು. ನೋವಾಯಿತೇ ಎಂದು ಕೇಳಿ, ಇಲ್ಲವೆಂದ ಮೇಲೆ ಸೈಕಲ್ಲಿನ ಕಡೆ ಬಗ್ಗಿದರು. ಪೆಡಲಿನ ನಡುವೆ, ಹಿಂದಿನ ಚಕ್ರದ ಗುಂಬದಲ್ಲಿ ಏನನ್ನೋ ಹುಡುಕಿದರು. ‘ಮೋಟಾರು ಎಲ್ಲಿದೆ?’ ‘ಇಲ್ಲ, ಕಾಲೇ ಮೋಟಾರು.’ ಅವರು ನನ್ನನ್ನು, ಕೆಸರನ್ನು, ಅನ್ನವನ್ನು ಸರದಿಯಂತೆ ನೋಡಿ, ‘ಬೋನ್ ಅಪೆತೀ’, ಅಂದರೆ ಊಟ ರುಚಿಸಲಿ, ಎಂದು ಹರಸಿ ಹೊರಟರು. ನಾಯಿಗೆ ಮಾತ್ರ ಹೊರಡಲು ಮನಸ್ಸಿರಲಿಲ್ಲ.

ಪಂಪಿನ ಪಕ್ಕದ ತುತ್ತನ್ನು ಬಿಟ್ಟು ಮಿಕ್ಕದ್ದನ್ನು ತಿನ್ನುತ್ತಿದ್ದಾಗ ಅಪ್ಪನ ಕರೆ ಬಂತು. ಊರಲ್ಲಿ ಮಧ್ಯಾಹ್ನ ಮೂರೂವರೆ. ಕ್ಯಾಮೆರಾ ತಿರುಗಿಸಿ ತೋಡನ್ನು ತೋರಿಸಿದೆ.

‘ಎಷ್ಟು ಎಕರೆಗಪ್ಪಾ ಇದರ ನೀರು?’

‘ಕಟ್ಟಿದ್ದು ಗದ್ದೆಗಲ್ಲ ಅಪ್ಪ, ದೋಣಿ ಓಡಿಸುವುದಕ್ಕೆ.’

ಅಪ್ಪ ಸುಮ್ಮನಾದರು. ಕಟ್ಟು ಪದ್ಧತಿಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರು ಬಿಟ್ಟರೆ ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಗದ್ದೆಯಲ್ಲಿ ನಿಲ್ಲುವ ಮನುಷ್ಯ. ಅವರಪ್ಪ, ಅಂದರೆ ನನ್ನ ತಾತ, ಊರಿಗೆ ನೀರುಗಂಟಿಯಾಗಿದ್ದವರು. ಆ ಸೈಕಲ್ಲು ತೂಬಿನಿಂದ ತೂಬಿಗೆ ಓಡಾಡಲೆಂದೇ ಕೊಂಡದ್ದು.

‘ಹಾಗಾದರೆ ರಾತ್ರಿ ತೂಬು ಯಾರು ಕಾಯುತ್ತಾರೆ?’ ಎಂದು ಕೊನೆಗೆ ಕೇಳಿದರು. ಯಾರೂ ಕದಿಯುವುದಿಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ರೆವೆಲ್ ತಲುಪುವಷ್ಟರಲ್ಲಿ ಶನಿವಾರದ ಸಂತೆ ಮುಗಿಯುತ್ತಿತ್ತು. ಹದಿನಾಲ್ಕನೇ ಶತಮಾನದ ಊರು, ಮರದ ಕಂಬಗಳ ಮೇಲೆ ನಿಂತ ದೊಡ್ಡ ಸಂತೆ ಮಾಳಿಗೆ. ಅದರಡಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಒಂದಿಷ್ಟು ಚೀಸ್, ಅರ್ಧ ಬ್ರೆಡ್ಡು ಕೊಂಡೆ. ಬೆನ್ನಿನುದ್ದಕ್ಕೂ ಹಿಂದಿನ ಚಕ್ರ ಎರಚಿದ್ದ ಕೆಸರಿನ ಪಟ್ಟೆಯನ್ನು ನೋಡಿ ಚೀಸ್ ಮಾರುವಾಕೆ ನಕ್ಕಳು. ಇಲ್ಲಿಂದ ಮೇಲೆ ರಿಕೆಯ ಅಣೆಕಟ್ಟು ಇದೆ, ನೋಡದೆ ಹೋಗಬೇಡಿ ಎಂದಳು. ಅದು ನಿಜವಾದ ಏರು. ಮೊಣಕೈ ನೆವ ಹೇಳಿ ತಪ್ಪಿಸಿಕೊಂಡೆ.

ಹಿಂದಿರುಗುವಾಗ ನೀರು ಜೊತೆಯಲ್ಲಿ ಬಂತು. ಈ ಸಲ ಎಲ್ಲ ಕೆಸರಿನಲ್ಲೂ ಇಳಿದು ತಳ್ಳಿಕೊಂಡು ನಡೆದೆ.

ನೊರೂಜಿನ ನೆತ್ತಿಯಲ್ಲಿ ಕಾಲುವೆಯ ಎರಡು ತುದಿಗೆ ಎರಡು ಗೇಟುಗಳಿವೆ. ಒಂದರ ಹೆಸರು ಸಾಗರ, ಇನ್ನೊಂದರದು ಮೆಡಿಟರೇನಿಯನ್. ಅವುಗಳ ನಡುವೆ ಐದು ಕಿಲೋಮೀಟರ್ ಸಮನೀರು. ದಂಡೆಯ ಮೇಲೆ ಸೈಕಲ್ ಒರಗಿಸಿ (ಸ್ಟ್ಯಾಂಡ್ ಇಲ್ಲವಲ್ಲ), ಒಂದು ಎಲೆ ಕಿತ್ತು ನೀರಿಗೆ ಹಾಕಿದೆ, ಯಾವ ಸಮುದ್ರದ ಕಡೆ ಹೋಗುತ್ತದೆ ನೋಡೋಣವೆಂದು. ಐದು ನಿಮಿಷ ಕಾದೆ. ಎಲೆ ಅಲ್ಲಾಡಲಿಲ್ಲ. ರೈಲಿಗೆ ಹೊತ್ತಾಗಿತ್ತು.