ಬಲೆಯಿಂದ ಬಿಟ್ಟ ಸ್ಟೀಲ್‌ಹೆಡ್ ಬದುಕಿತಾ? ಸ್ಕೀನಾ ಅಳಿವೆಯಲ್ಲಿ ನನ್ನ ಕೆಲಸ

ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಜೂನಿಯರ್‌ಗಳು ಆಗಾಗ ಮೆಸೇಜ್ ಮಾಡುತ್ತಾರೆ. "ಅಕ್ಕಾ, ಫಿಶರಿ ಅಬ್ಸರ್ವರ್ ಅಂದ್ರೆ ಬೋಟಲ್ಲಿ ನಿಂತು ಮೀನು ಎಣಿಸೋದು ಅಷ್ಟೇನಾ?" ಅಂತ. ಎಣಿಸುವುದಂತೂ ಇದ್ದೇ ಇದೆ. ಅದಕ್ಕಿಂತ ಜಾಸ್ತಿ ತಲೆ ತಿನ್ನುವ ಪ್ರಶ್ನೆ ಒಂದಿದೆ, ಅದನ್ನೇ ಇಲ್ಲಿ ಬರೆಯುತ್ತೇನೆ. ಸಾಲ್ಮನ್ ಬಲೆಗೆ ಬಿದ್ದ ಸ್ಟೀಲ್‌ಹೆಡ್ ಮೀನನ್ನು ವಾಪಸ್ ನೀರಿಗೆ ಬಿಟ್ಟ ಮೇಲೆ ಅದು ಬದುಕುತ್ತದಾ ಇಲ್ಲವಾ ಅನ್ನುವುದು.

ನಾನಿರುವುದು ಪ್ರಿನ್ಸ್ ರೂಪರ್ಟ್‌ನಲ್ಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಉತ್ತರ ಕರಾವಳಿ, ಅಲಾಸ್ಕಾ ಗಡಿಗೆ ಹತ್ತಿರ. ಊರಿನ ದಕ್ಷಿಣಕ್ಕೆ ಸ್ಕೀನಾ ನದಿ ಸುಮಾರು 570 ಕಿ.ಮೀ. ಹರಿದು ಬಂದು ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ಆ ಅಳಿವೆಯ ಸುತ್ತ ಗಿಲ್‌ನೆಟ್ ಬೋಟುಗಳು ಸಾಕ್‌ಐ ಸಾಲ್ಮನ್ ಹಿಡಿಯುತ್ತವೆ. ಬೋಟಿನ ಹಿಂಭಾಗದಲ್ಲಿ ಬಲೆ ಸುತ್ತುವ ಡ್ರಮ್ಮಿನ ಪಕ್ಕ ನಾನು ನಿಂತಿರುತ್ತೇನೆ. ಏನು ಮೇಲೆ ಬಂತು, ಯಾವ ಸ್ಥಿತಿಯಲ್ಲಿ ಬಂತು, ಎಲ್ಲ ಬರೆದುಕೊಳ್ಳುತ್ತೇನೆ.

ಸ್ಟೀಲ್‌ಹೆಡ್ ಅಂದರೆ ರೇನ್‌ಬೋ ಟ್ರೌಟ್ ಮೀನೇ. ಜಾತಿ ಒಂದೇ, ಬದುಕುವ ರೀತಿ ಬೇರೆ. ಟ್ರೌಟ್ ಸಿಹಿನೀರಿನಲ್ಲೇ ಉಳಿಯುತ್ತದೆ, ಇದು ಸಮುದ್ರಕ್ಕೆ ಹೋಗಿ ಬೆಳೆದು ಮೊಟ್ಟೆ ಇಡಲು ಹುಟ್ಟಿದ ಹೊಳೆಗೆ ವಾಪಸ್ ಬರುತ್ತದೆ. ಸಾಕ್‌ಐ ಒಂದು ಸಲ ಮೊಟ್ಟೆ ಇಟ್ಟರೆ ಮುಗಿಯಿತು, ಸಾಯುತ್ತದೆ. ಸ್ಟೀಲ್‌ಹೆಡ್ ಹಾಗಲ್ಲ, ಕೆಲವು ಮತ್ತೆ ಸಮುದ್ರಕ್ಕೆ ಇಳಿದು ಇನ್ನೊಮ್ಮೆ ಬರುತ್ತವೆ. ಸ್ಕೀನಾಕ್ಕೆ ಬೇಸಿಗೆಯಲ್ಲಿ ಬರುವ ಸ್ಟೀಲ್‌ಹೆಡ್ ಕಿಸ್ಪಿಯಾಕ್ಸ್, ಬಲ್ಕ್ಲಿ, ಮೊರಿಸ್, ಸುಸ್ತುಟ್ ಹೀಗೆ ಬೇರೆ ಬೇರೆ ಉಪನದಿಗಳಿಗೆ ಹೋಗಿ, ಇಡೀ ಚಳಿಗಾಲವನ್ನು ಅಲ್ಲೇ ತಣ್ಣೀರಲ್ಲಿ ಕಳೆದು, ಮುಂದಿನ ವಸಂತದಲ್ಲಿ ಮೊಟ್ಟೆ ಇಡುತ್ತದೆ. ಅಂದರೆ ಜುಲೈಯಲ್ಲಿ ಬಲೆಗೆ ಸಿಕ್ಕ ಮೀನಿಗೆ ಇನ್ನೂ ಹತ್ತು ತಿಂಗಳ ಕೆಲಸ ಬಾಕಿ ಇರುತ್ತದೆ, ಅಷ್ಟೂ ದಿನ ಮೈಯಲ್ಲಿ ಇಟ್ಟುಕೊಂಡ ಕೊಬ್ಬಿನಲ್ಲೇ ಹೆಚ್ಚುಕಡಿಮೆ ತಳ್ಳಬೇಕು. ಆ ಹೊತ್ತಿಗೆ ಬಲೆಯಲ್ಲಿ ಒದ್ದಾಡಿ ಅರ್ಧ ಶಕ್ತಿ ಹೋದರೆ ಏನು ಗತಿ ಹೇಳಿ.

ಸಮಸ್ಯೆಯ ಬೇರು ಎಲ್ಲಿದೆ ನೋಡಿ. ಸ್ಕೀನಾದ ಸಾಕ್‌ಐನಲ್ಲಿ ಬಹುಪಾಲು ಬಬೀನ್ ಸರೋವರದ್ದು. 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಪಿಂಕಟ್ ಮತ್ತು ಫುಲ್ಟನ್ ಎಂಬ ಹೊಳೆಗಳ ಪಕ್ಕ ಮೊಟ್ಟೆ ಇಡಲು ಅಂತಲೇ ಕಾಲುವೆ ತೋಡಿದರು, ಮೀನು ಹೆಚ್ಚಾಯಿತು, ಬಲೆಗೂ ಕೆಲಸ ಹೆಚ್ಚಾಯಿತು. ಸ್ಟೀಲ್‌ಹೆಡ್‌ಗೆ ಅಂಥ ಕಾಲುವೆ ಯಾರೂ ತೋಡಲಿಲ್ಲ. ಅದು ಮೊದಲಿನಿಂದಲೂ ಕಡಿಮೆ ಸಂಖ್ಯೆಯ ಮೀನು. ಎರಡೂ ಒಂದೇ ವಾರಗಳಲ್ಲಿ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ಹೇರಳವಾಗಿರುವ ಸಾಕ್‌ಐ ಲೆಕ್ಕ ಇಟ್ಟುಕೊಂಡು ಬಲೆ ಬಿಟ್ಟರೆ, ಪಕ್ಕದಲ್ಲೇ ಹೋಗುವ ಬೆರಳೆಣಿಕೆಯ ಮೀನಿಗೆ ಅದೇ ಬಲೆ ತುಂಬಾ ಜಾಸ್ತಿಯಾಗುತ್ತದೆ.

ಕಾನೂನು ಇದೆ. ವಾಣಿಜ್ಯ ಬಲೆಗಾರರು ಸ್ಟೀಲ್‌ಹೆಡ್ ಇಟ್ಟುಕೊಳ್ಳುವಂತಿಲ್ಲ, ಬಿಡಲೇಬೇಕು. ಆದರೆ ಬಿಟ್ಟರೆ ಸಾಕಾ?

ಗಿಲ್‌ನೆಟ್ ಕೆಲಸ ಮಾಡುವುದೇ ಮೀನಿನ ಉಸಿರು ಹಿಡಿದು. ಮೀನು ಬಲೆಯ ಕಣ್ಣಿಗೆ ತಲೆ ತೂರಿಸುತ್ತದೆ, ಹಿಂದೆ ಬರಲು ನೋಡಿದರೆ ಎಳೆ ಕಿವಿರಿನ ಮುಚ್ಚಳದ ಹಿಂದೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ತೆರೆಯದಿದ್ದರೆ ನೀರಿನಲ್ಲಿದ್ದೂ ಉಸಿರಿಲ್ಲ. ಮೇಲೆ ಬಂದಾಗ ಕುತ್ತಿಗೆಯ ಸುತ್ತ ಸಿಪ್ಪೆ ಎದ್ದು, ಚರ್ಮದ ಮೇಲೆ ಎಳೆಯ ಗೆರೆ ಕೊರೆದ ಹಾಗೆ ಕಾಣುತ್ತದೆ. ಕಿವಿರು ಕಡುಗೆಂಪು ಇದ್ದರೆ ಆಸೆ ಇದೆ. ಬಣ್ಣ ಇಳಿದು ಪೇಲವ ಆಗಿದ್ದರೆ, ಎಲ್ಲೋ ಎಳೆ ಕಡಿದು ರಕ್ತ ಹೋಗಿದೆ ಅಂತ ತಿಳಿಯಬೇಕು. ದೊಡ್ಡ ಸ್ಟೀಲ್‌ಹೆಡ್‌ಗಳಿಗೆ ಒಂದು ಅನುಕೂಲ ಇದೆ. ಸಾಕ್‌ಐ ಅಳತೆಯ ಕಣ್ಣಿನಲ್ಲಿ ಅವುಗಳ ತಲೆ ಪೂರ್ತಿ ತೂರುವುದಿಲ್ಲ, ದವಡೆಗೆ ಹಲ್ಲಿಗೆ ಎಳೆ ಸುತ್ತಿಕೊಂಡು ನೇತಾಡುತ್ತಿರುತ್ತವೆ, ಕಿವಿರು ಆಡುತ್ತಿರುತ್ತದೆ. ಅಂಥದ್ದನ್ನು ಬೇಗ ಬಿಡಿಸಿದರೆ ಬಾಲ ಬಡಿದು ಹೋಗಿಬಿಡುತ್ತದೆ.

ಬೇಗ ಅನ್ನುವುದೇ ಎಲ್ಲ. ಬಲೆ ಎಷ್ಟು ನಿಮಿಷ ನೀರಿನಲ್ಲಿತ್ತು ಅನ್ನುವುದರ ಮೇಲೆ ಮೀನಿನ ಜೀವ ನಿಂತಿದೆ. ಅದಕ್ಕೇ ಸ್ಕೀನಾದಲ್ಲಿ ಅರ್ಧ ಉದ್ದದ ಬಲೆ, ಅದನ್ನೂ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಮಾತ್ರ ನೀರಿಗೆ ಬಿಡುವ ಪದ್ಧತಿ ಬಂತು. ಪೂರ್ತಿ ಬಲೆ ಸುಮಾರು 370 ಮೀಟರ್, ಅದನ್ನು ಗಂಟೆಗಟ್ಟಲೆ ಬಿಟ್ಟು ಎಳೆಯುವಾಗ ಮೊದಲು ಸಿಕ್ಕ ಮೀನು ಸತ್ತೇ ಬಂದಿರುತ್ತದೆ. ಗಿಡ್ಡ ಬಲೆ, ಕಡಿಮೆ ಹೊತ್ತು, ಜೋಪಾನದ ಕೈ, ಈ ಮೂರೂ ಸೇರಿದರೆ ಜೀವಂತ ಬರುವ ಮೀನು ಎಷ್ಟೋ ಜಾಸ್ತಿ. ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಸ್ಟೀಲ್‌ಹೆಡ್ ಸಾಮಾನ್ಯವಾಗಿ ನೀರಿನ ಮೇಲ್ಪದರದಲ್ಲಿ ಈಜುತ್ತದೆ. ಹಾಗಾಗಿ ಬಲೆಯನ್ನು ನೇರ ಬೆಂಡಿನ ಸಾಲಿಗೆ ಕಟ್ಟದೆ, ನಡುವೆ ಬರೀ ಹಗ್ಗದ ತುಂಡುಗಳನ್ನು ಇಳಿಬಿಟ್ಟು ಒಂದು ಮೀಟರಿಗಿಂತ ಸ್ವಲ್ಪ ಕೆಳಗೆ ನೇತುಹಾಕುತ್ತಾರೆ. ಸ್ಟೀಲ್‌ಹೆಡ್ ಮೇಲಿನಿಂದ ದಾಟಿ ಹೋಗುತ್ತದೆ, ಕೆಳಗಿನ ಸಾಕ್‌ಐ ಸಿಗುತ್ತದೆ. ಎಲ್ಲವೂ ದಾಟುವುದಿಲ್ಲ, ಆದರೆ ದಾಟಿದ ಮೀನನ್ನು ಯಾರೂ ಮುಟ್ಟಬೇಕಾಗಿಲ್ಲವಲ್ಲ, ಅದಕ್ಕಿಂತ ಒಳ್ಳೆಯ ಬಿಡುಗಡೆ ಯಾವುದಿದೆ.

ಸುಸ್ತಾಗಿ ಬಂದ ಮೀನಿಗೆ ಬೋಟಿನಲ್ಲಿ ಚೇತರಿಕೆ ಪೆಟ್ಟಿಗೆ ಇರುತ್ತದೆ. ಉದ್ದನೆಯ ಕಿರಿದಾದ ಪೆಟ್ಟಿಗೆ, ಒಂದು ತುದಿಯಿಂದ ಪಂಪ್ ಸಮುದ್ರದ ನೀರನ್ನು ರಭಸವಾಗಿ ತಳ್ಳುತ್ತದೆ. ಮೀನಿನ ಮೂತಿ ನೀರು ಬರುವ ಕಡೆಗೇ ಇರಬೇಕು. ಮೊದಲು ಮೀನು ಪಕ್ಕಕ್ಕೆ ವಾಲಿ ಬಿದ್ದಿರುತ್ತದೆ, ಬಾಯಿ ಅರ್ಧ ತೆರೆದು. ನೋಡುತ್ತಾ ನಿಂತರೆ ಮೊದಲು ಕಿವಿರಿನ ಮುಚ್ಚಳ ಒಂದು ಸಲ ಮಿಸುಕುತ್ತದೆ, ಸುಮಾರು ಹೊತ್ತಿನ ಮೇಲೆ ಇನ್ನೊಂದು ಸಲ, ಆಮೇಲೆ ಒಂದೇ ಸಮನೆ. ಬೆನ್ನು ಮೇಲಾಗಿ ನೆಟ್ಟಗೆ ನಿಲ್ಲುತ್ತದೆ. ಬಾಲದ ಬುಡ ಹಿಡಿದರೆ ಕೊಸರಿಕೊಳ್ಳುತ್ತದೆ. ಅಲ್ಲಿಯವರೆಗೆ ಬಿಡಬಾರದು. ವಾಲಿದ ಮೀನನ್ನೇ ಎಸೆದರೆ ಬೋಟಿನ ಹಿಂದೆಯೇ ಸುತ್ತುವ ಸೀಲ್‌ಗಳಿಗೆ ತುತ್ತು, ಅಷ್ಟೇ.

ಈಗ ಕೆಲಸದ ಪಾಠಕ್ಕೆ ಬರುತ್ತೇನೆ. ಲಾಗ್ ಬುಕ್ಕಿನಲ್ಲಿ "ಸ್ಟೀಲ್‌ಹೆಡ್, 2, ಬಿಡಲಾಗಿದೆ" ಅಂತ ಬರೆದರೆ ಕಾನೂನಿಗೆ ಸಾಕು. ಮೀನಿಗೆ ಸಾಕಾಗುವುದಿಲ್ಲ. ಕೊಸರಿ ಹೋದದ್ದೂ ಅದೇ ಸಾಲು, ಹೊಟ್ಟೆ ಮೇಲಾಗಿ ತೇಲಿಹೋದದ್ದೂ ಅದೇ ಸಾಲು. ಹಾಗಾಗಿ ನಾನು ಬಲೆ ನೀರಿಗೆ ಬಿದ್ದ ಹೊತ್ತು, ಎಳೆಯಲು ಶುರು ಮಾಡಿದ ಹೊತ್ತು, ಮೀನು ಸಿಕ್ಕಿದ್ದು ಕಿವಿರಿಗೋ ದವಡೆಗೋ, ರಕ್ತ ಇತ್ತಾ, ಪೆಟ್ಟಿಗೆಯಲ್ಲಿ ಎಷ್ಟು ಹೊತ್ತು, ಬಿಟ್ಟಾಗ ತಾನಾಗಿ ಈಜಿತಾ, ಎಲ್ಲ ಬೇರೆ ಬೇರೆ ಬರೆಯುತ್ತೇನೆ. ಸಂಜೆಗೆ ಕೈ ಮರಗಟ್ಟಿರುತ್ತದೆ, ಮಳೆಯಲ್ಲಿ ಹಾಳೆ ಅಂಟುತ್ತದೆ, ಆದರೂ ಬರೆಯಬೇಕು. ಮುಂದಿನ ವರ್ಷ ಯಾರೋ ಆಫೀಸಿನಲ್ಲಿ ಕುಳಿತು "ಬಿಟ್ಟ ಮೀನಲ್ಲಿ ನೂರಕ್ಕೆ ಇಷ್ಟು ಸಾಯುತ್ತವೆ" ಅಂತ ಒಂದು ಅಂಕಿ ಹಿಡಿದು ಇಡೀ ಸೀಸನ್ನಿನ ಲೆಕ್ಕ ಹಾಕುತ್ತಾರೆ. ಆ ಅಂಕಿ ಇಂಥ ಹಾಳೆಗಳಿಂದಲೇ ಬರಬೇಕು.

ಗುರುತಿಸುವುದನ್ನೂ ಸರಿಯಾಗಿ ಕಲಿಯಿರಿ. ಮಬ್ಬು ಬೆಳಕಲ್ಲಿ, ಸಮುದ್ರದಿಂದ ಆಗಷ್ಟೇ ಬಂದ ಬೆಳ್ಳಿ ಮೈಯ ಸ್ಟೀಲ್‌ಹೆಡ್ ಮತ್ತು ಕೋಹೋ ಸಾಲ್ಮನ್ ಥಟ್ಟನೆ ಒಂದೇ ಥರ ಕಾಣುತ್ತವೆ. ಬಾಲ ನೋಡಿ, ಸ್ಟೀಲ್‌ಹೆಡ್‌ಗೆ ಬಾಲದ ತುಂಬ ಚುಕ್ಕೆ. ಬಾಯಿ ತೆರೆದರೆ ಒಳಗೆ ಬಿಳಿ. ಅನುಮಾನ ಇದ್ದರೆ ಹೊಟ್ಟೆಯ ಹಿಂದಿನ ರೆಕ್ಕೆಯ ಕಡ್ಡಿ ಎಣಿಸಿ, ಸಾಲ್ಮನ್‌ಗಿಂತ ಇದಕ್ಕೆ ಕಡಿಮೆ, ಹನ್ನೆರಡು ದಾಟುವುದಿಲ್ಲ.

ಇನ್ನು ಬೋಟಿನವರ ವಿಷಯ. ಸ್ಟೀಲ್‌ಹೆಡ್ ಉಳಿಸಬೇಕು ಅನ್ನುವ ಎಷ್ಟೋ ಜನ ಬಲೆಗಾರರನ್ನು ಖಳರ ಹಾಗೆ ಕಾಣುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೀಸನ್ನಿನಲ್ಲಿ ಬಲೆ ಬಿಡಲು ಸಿಗುವ ದಿನಗಳೇ ಕಡಿಮೆ, ಡೀಸೆಲ್ ಖರ್ಚು, ಬೋಟಿನ ಸಾಲ. ಸ್ಟೀಲ್‌ಹೆಡ್ ಜಾಸ್ತಿ ಸಿಕ್ಕಿದೆ ಅಂತ ತಾವೇ ಬರೆದರೆ ನಾಳೆ ಮೀನುಗಾರಿಕೆ ಮುಚ್ಚಬಹುದು ಅನ್ನುವ ಹೆದರಿಕೆ ಅವರಿಗೆ ಇದ್ದೇ ಇರುತ್ತದೆ. ಒಬ್ಬ ವಯಸ್ಸಾದ ಸ್ಕಿಪ್ಪರ್ ನನಗೆ ನೇರವಾಗಿ ಕೇಳಿದರು, "ನಿಜ ಬರೆದವನ ಬಲೆ ಒಣಗುತ್ತೆ, ಸುಳ್ಳು ಬರೆದವನ ಬಲೆ ನೀರಲ್ಲಿರುತ್ತೆ. ಇದು ನ್ಯಾಯವಾ ಹೇಳಮ್ಮಾ" ಅನ್ನುವ ಅರ್ಥದಲ್ಲಿ. ನ್ಯಾಯವಲ್ಲ. ಅದಕ್ಕೇ ನನ್ನ ಅಭಿಪ್ರಾಯ ಏನಂದರೆ, ಸ್ಟೀಲ್‌ಹೆಡ್ ಬರುವ ಹೊತ್ತಿನಲ್ಲಿ ಸೊನ್ನೆ ತುಂಬಿದ ಹಾಳೆಯನ್ನೇ ಮೊದಲು ಪರಿಶೀಲಿಸಬೇಕು, ಸಿಕ್ಕಿದ್ದನ್ನು ಬರೆದವರ ಮೇಲೆ ಮೊದಲು ಕೈ ಹಾಕಬಾರದು. ಪ್ರತಿ ಬೋಟಿನಲ್ಲೂ ಅಬ್ಸರ್ವರ್ ಅಥವಾ ಕ್ಯಾಮೆರಾ ಇದ್ದರೆ ಈ ಜಗಳವೇ ಇರುವುದಿಲ್ಲ. ಪ್ರಾಮಾಣಿಕ ಸ್ಕಿಪ್ಪರ್‌ಗಳಿಗೂ ಅದರಿಂದ ಒಳ್ಳೆಯದೇ.

ನದಿಗೆ ಎಷ್ಟು ಮೀನು ಬಂತು ಅಂತ ತಿಳಿಯಲು ಟೈಯೀ ಎಂಬಲ್ಲಿ ಪರೀಕ್ಷಾ ಬಲೆ ಇದೆ, 1955ರಿಂದ ನಡೆಯುತ್ತಿದೆ. ಬೇಸಿಗೆ ಪೂರ್ತಿ ದಿನಾ ಒಂದೇ ಜಾಗ, ಒಂದೇ ಕ್ರಮ, ಹೀಗಾಗಿ ವರ್ಷ ವರ್ಷಕ್ಕೆ ಹೋಲಿಸಬಹುದು. 2021ರಲ್ಲಿ ಆ ಬಲೆಯ ಸ್ಟೀಲ್‌ಹೆಡ್ ಸೂಚ್ಯಂಕ ಅಷ್ಟೂ ವರ್ಷಗಳ ದಾಖಲೆಯಲ್ಲೇ ಅತಿ ಕೆಳಗೆ ಇಳಿಯಿತು. ಅಕ್ಟೋಬರಿನಲ್ಲಿ ಪ್ರಾಂತ್ಯ ಸರ್ಕಾರ ಗಾಳದ ಮೀನುಗಾರಿಕೆಯನ್ನೂ ಮುಚ್ಚಿತು. ಅದು ಹಿಡಿದು ಬಿಡುವ ಗಾಳ ಮಾತ್ರ, ಅದನ್ನೂ ಮುಚ್ಚಬೇಕಾಯಿತು. ಇಲ್ಲಿ ಇನ್ನೊಂದು ತೊಡಕು: ಸಾಲ್ಮನ್ ಒಕ್ಕೂಟ ಸರ್ಕಾರದ ಕೈಯಲ್ಲಿ, ನದಿಯ ಸ್ಟೀಲ್‌ಹೆಡ್ ಪ್ರಾಂತ್ಯದ ಕೈಯಲ್ಲಿ. ಬಲೆಗೆ ಅನುಮತಿ ಕೊಡುವವರು ಒಬ್ಬರು, ಮೀನು ಕಮ್ಮಿಯಾದರೆ ಉತ್ತರ ಹೇಳಬೇಕಾದವರು ಇನ್ನೊಬ್ಬರು. ಇಷ್ಟು ಸಾಲದು ಅಂತ ಗಡಿಯಾಚೆ ಆಗ್ನೇಯ ಅಲಾಸ್ಕಾದ ಬಲೆಗಳಿಗೂ ಸ್ಕೀನಾದ ಮೀನು ಬೀಳುತ್ತದೆ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣದ ಫ್ರೇಸರ್ ನದಿಯೇ ಸಾಕ್ಷಿ. ಅಲ್ಲಿ ಥಾಂಪ್ಸನ್, ಚಿಲ್ಕೋಟಿನ್ ಉಪನದಿಗಳ ಸ್ಟೀಲ್‌ಹೆಡ್ ಶರತ್ಕಾಲದಲ್ಲಿ ಚಮ್ ಸಾಲ್ಮನ್ ಜೊತೆ ಬರುತ್ತದೆ, ಚಮ್ ಬಲೆಗೆ ಸಿಗುತ್ತದೆ. 2018ರ ಆರಂಭದಲ್ಲಿ ಅಪಾಯದಲ್ಲಿರುವ ಜೀವಿಗಳನ್ನು ಪರಿಶೀಲಿಸುವ ಕೆನಡಾದ ವಿಜ್ಞಾನಿಗಳ ಸಮಿತಿ ತುರ್ತಾಗಿ ಕುಳಿತು ಎರಡನ್ನೂ ವಿನಾಶದ ಅಂಚಿನಲ್ಲಿರುವ ಮೀನು ಅಂತ ಹೇಳಿತು. ಆಗಿನ ಅಂದಾಜು ಥಾಂಪ್ಸನ್‌ಗೆ 177 ಮೀನು, ಚಿಲ್ಕೋಟಿನ್‌ಗೆ 58. ಒಂದು ಇಡೀ ಉಪನದಿಗೆ ಐವತ್ತೆಂಟು! 2019ರ ಜುಲೈಯಲ್ಲಿ ಒಕ್ಕೂಟ ಸರ್ಕಾರ ಕಾನೂನಿನ ತುರ್ತು ರಕ್ಷಣೆ ಪಟ್ಟಿಗೆ ಸೇರಿಸುವುದಿಲ್ಲ ಅಂತ ತೀರ್ಮಾನಿಸಿತು. ಬದಲಿಗೆ ಮೀನು ಸಮುದ್ರದಿಂದ ನದಿಗೆ ಸಾಗಿದಂತೆ ಜಾಗದಿಂದ ಜಾಗಕ್ಕೆ ಬಲೆ ನಿಲ್ಲಿಸುತ್ತಾ ಹೋಗುವ ಕ್ರಮ ನಡೆಯಿತು. ಸಮುದ್ರದಲ್ಲಿ ಬದುಕುಳಿಯುವ ಮೀನೇ ಕಡಿಮೆಯಾಗಿದೆ, ಬಲೆಯೊಂದೇ ಕಾರಣವಲ್ಲ ಅಂತ ಬಲೆಗಾರರು ಹೇಳುತ್ತಾರೆ. ಆ ಮಾತು ನಿಜವೇ. ಆದರೆ ಸಮುದ್ರದ ಬಿಸಿ ಈ ವಾರ ಇಳಿಸಲು ನಮ್ಮಿಂದಾಗದು, ಈ ವಾರ ಬಲೆ ಎತ್ತಲು ಆಗುತ್ತದೆ. ಐವತ್ತೆಂಟರಲ್ಲಿ ಒಂದೊಂದೂ ಲೆಕ್ಕವೇ.

ನನ್ನ ಕೇಳಿದರೆ ಅಳಿವೆಯ ಬಾಯಲ್ಲಿ ಗಿಲ್‌ನೆಟ್ ಕಡಿಮೆಯಾಗಿ, ಮೇಲೆ ನದಿಯಲ್ಲಿ ಆರಿಸಿ ಹಿಡಿಯುವ ಪದ್ಧತಿಗಳಿಗೆ ಜಾಗ ಸಿಗಬೇಕು. ಇದು ಹೊಸ ಐಡಿಯಾ ಏನಲ್ಲ. ಬಬೀನ್ ಸರೋವರದ ಮೂಲನಿವಾಸಿಗಳಾದ ಲೇಕ್ ಬಬೀನ್ ಜನ ಬಹಳ ಹಿಂದಿನಿಂದ ನದಿಗೆ ಅಡ್ಡಲಾಗಿ ಮರದ ತಡೆ ಕಟ್ಟಿ, ಬೇಕಾದ ಮೀನು ಹಿಡಿದು, ಉಳಿದದ್ದನ್ನು ಜೀವಂತ ಮೇಲೆ ಬಿಡುತ್ತಿದ್ದರು. ಕೆಳಗೆ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು (ಕ್ಯಾನರಿಗಳು) ಬಂದ ಮೇಲೆ ಆ ತಡೆಗಳಿಂದಲೇ ಮೀನು ನಾಶ ಅಂತ ದೂರು ಹೋಗಿ, 1906ರ ಒಪ್ಪಂದದಲ್ಲಿ ಅವನ್ನು ತೆಗೆಸಿ ಬದಲಿಗೆ ಬಲೆ ಕೊಟ್ಟರು. ಆರಿಸಿ ಹಿಡಿಯುತ್ತಿದ್ದವರ ಕೈಗೆ ಆರಿಸಲಾಗದ ಬಲೆ! ಓದಿದಾಗ ನನಗೆ ಸಿಟ್ಟೇ ಬಂತು. ಬಲ್ಕ್ಲಿ ನದಿಯ ವಿಟ್ಸೆಟ್ ಕಣಿವೆಯಲ್ಲಿ ವೆಟ್‌ಸುವೆಟ್'ಎನ್ ಎಂಬ ಮೂಲನಿವಾಸಿ ಜನ ಈಗಲೂ ಕೋಲಿಗೆ ಕಟ್ಟಿದ ಕೈಬಲೆಯಿಂದ ಮೀನು ಎತ್ತುತ್ತಾರೆ, ಅಲ್ಲೇ ಸ್ಟೀಲ್‌ಹೆಡ್‌ಗೆ ಟ್ಯಾಗ್ ಹಾಕಿ ವಾಪಸ್ ಬಿಡುವ ಕೆಲಸವೂ ಅವರದೇ ಮೀನುಗಾರಿಕೆ ವಿಭಾಗದಿಂದ ನಡೆದಿದೆ. ಮೀನನ್ನು ಹೇಗೆ ಹಿಡಿಯಬೇಕು, ಹೇಗೆ ಬಿಡಬೇಕು ಅಂತ ಕಲಿಯುವ ಆಸೆ ಇರುವವರು ಅಂಥ ಜಾಗಕ್ಕೆ ಹೋಗಿ ನಿಂತು ನೋಡಬೇಕು.

ಆರಿಸಿ ಹಿಡಿಯುವ ಪದ್ಧತಿಗಳಿಗೆ ಜಾಗ ಸಿಗುವವರೆಗೆ ಗಿಲ್‌ನೆಟ್ ಇದ್ದೇ ಇರುತ್ತದೆ, ನಮ್ಮ ಕೆಲಸವೂ. ಬೋಟ್ ಹತ್ತಿದ ತಕ್ಷಣ ನಾನು ಮೊದಲು ನೋಡುವುದು ಚೇತರಿಕೆ ಪೆಟ್ಟಿಗೆಯನ್ನು. ಪಂಪ್ ಓಡಿಸಿ ತೋರಿಸಿ ಅನ್ನುತ್ತೇನೆ. ನೀರು ಸರಿಯಾಗಿ ಬರುತ್ತಿಲ್ಲ ಅಂದರೆ ಬಲೆ ಇಳಿಸುವ ಮುಂಚೆಯೇ ಹೇಳುತ್ತೇನೆ, ಅವರ ಎದುರಿಗೇ ಬರೆದುಕೊಳ್ಳುತ್ತೇನೆ. ಹೆಚ್ಚಿನ ಸ್ಕಿಪ್ಪರ್‌ಗಳು ಆಗಲೇ ಪೈಪ್ ಬಿಚ್ಚಿ, ಸಿಕ್ಕಿಕೊಂಡ ಪಾಚಿ ತೆಗೆದು ಸರಿ ಮಾಡುತ್ತಾರೆ.