ಎರಡು ಬಾಲದ ಮರಿ

ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಮುಧೋಳದ ಹತ್ತಿರ, ಘಟಪ್ರಭೆ ದಂಡೆ. ಬೆಳಿಗ್ಗೆ ಚಹಾ ಕುಡಿಯುವಾಗಲೇ ಕಾಕಾ, "ನೀ ಹುಳದ ಫೋಟೋ ತಗೀತಿ ಅಲ್ಲ, ಬಾ ಒಂದೀಟು. ಕಬ್ಬಿನ ಎಲಿ ಬೆಳ್ಳಗಾಗ್ಯಾವು" ಎಂದರು. ದನಿಯಲ್ಲಿ ಹೆದರಿಕೆ ಇತ್ತು. 2002ರ ಹೊತ್ತಿಗೆ ನಮ್ಮ ಕಡೆ ಕಬ್ಬಿಗೆ ಬಂದ ಬಿಳಿ ಉಣ್ಣೆ ಹೇನನ್ನು ಅವರು ಇನ್ನೂ ಮರೆತಿಲ್ಲ.

ಕೆಳಗಿನ ಎಲೆಗಳೆಲ್ಲ ಕಾಡಿಗೆ ಬಳಿದ ಹಾಗೆ ಕಪ್ಪಾಗಿದ್ದವು. ಮುಟ್ಟಿದರೆ ಅಂಟು. ಮೇಲಿನ ಎಲೆಗಳ ಹಿಂಬದಿಯಲ್ಲಿ ಬಿಳಿ ಹತ್ತಿಯಂಥದ್ದು. ನಾನೂ ದೊಡ್ಡ ತಿಳಿದವನ ಹಾಗೆ "ಹೌದ್ರಿ ಕಾಕಾ, ಅದೇ ಹೇನು" ಅಂದುಬಿಟ್ಟೆ. ಕಾಕಾ ಮಾತಾಡಲಿಲ್ಲ. ಔಷಧದ ಡಬ್ಬಿ ಹಿಂದಿನ ದಿನವೇ ಮನೆಗೆ ಬಂದಿತ್ತು.

ಫೋಟೋಕ್ಕೆ ಅಂತ ಒಂದು ಎಲೆ ಬಗ್ಗಿಸಿದೆ. ಚಟ್ ಅಂತ ಏನೋ ಮೂಗಿಗೆ ಬಡಿಯಿತು. ಹಿಂದೆಯೇ ಇನ್ನೂ ನಾಲ್ಕೈದು. ಹೇನು ಎಲ್ಲಾದರೂ ಜಿಗಿಯುತ್ತಾ? ನನ್ನ ಜಾಣತನ ಅಲ್ಲಿಗೇ ಮುಗಿಯಿತು.

ಬದುವಿನ ಮೇಲೆ ಕೂತು ನಿಧಾನಕ್ಕೆ ನೋಡಿದೆ. ಹತ್ತಿಯನ್ನು ಕಡ್ಡಿಯಿಂದ ಸರಿಸಿದರೆ ಕೆಳಗೆ ತತ್ತಿ. ತಿಳಿ ಹಳದಿ-ಹಸಿರು, ಸಾಲಾಗಿ ಅಂಟಿಸಿಟ್ಟ ಹಾಗೆ. ಹೆಣ್ಣು ಹುಳ ತನ್ನ ಹಿಂಭಾಗದ ಮೇಣದ ಎಳೆಯನ್ನೇ ತತ್ತಿಗೆ ಹೊದಿಸುತ್ತದೆ. ಮರಿಗಳು ಇನ್ನೂ ಚಂದ. ಬಿಳಿಚಿಕೊಂಡ ಮೈ, ಹಿಂದೆ ಪುಕ್ಕದಂಥ ಎರಡು ಉದ್ದ ಬಾಲ. ಬೆಳೆದ ಹುಳದ್ದು ಒಣ ಹುಲ್ಲಿನ ಬಣ್ಣ, ಉದ್ದ ಸುಮಾರು 1 ಸೆಂಟಿಮೀಟರ್. ರೆಕ್ಕೆ ಮಡಚಿದರೆ ತಗಡಿನ ಇಳಿಜಾರು ಛಾವಣಿಯ ಹಾಗೆ ಕಾಣುತ್ತದೆ. ತಲೆ ಮಾತ್ರ ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಅದರಿಂದಲೇ ರಸ ಹೀರುತ್ತದೆ ಅಂದುಕೊಂಡಿದ್ದೆ. ಅಲ್ಲ, ಹೀರುವ ನಳಿಕೆ ತಲೆಯ ಅಡಿಯಲ್ಲಿ ಮಡಚಿಕೊಂಡಿರುತ್ತದೆ.

ಕಬ್ಬಿನಲ್ಲಿ ಆ ಕೊಕ್ಕು, ಮರಿಗೆ ಆ ಬಾಲ ಕಂಡರೆ ಅದು ಪೈರಿಲ್ಲಾ. ಪೂರ್ತಿ ಹೆಸರು ಪೈರಿಲ್ಲಾ ಪರ್ಪುಸಿಲ್ಲಾ. ಕಬ್ಬಿನ ಎಲೆ ಜಿಗಿಹುಳು ಅಂದರೂ ಇದೇ. ಹೀರಿ ಜಾಸ್ತಿಯಾದ ಸಿಹಿಯನ್ನು ಹನಿಹನಿಯಾಗಿ ಹೊರಗೆ ಬಿಡುತ್ತದೆ. ಅದು ಕೆಳಗಿನ ಎಲೆ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕಾಡಿಗೆ ಅಂದೆನಲ್ಲ, ಅದು ಇದೇ.

"ಅಂದ್ರ ಹೇನಲ್ಲ?"

"ಅಲ್ರಿ. ಆದ್ರ ಇದೂ ಒಳ್ಳೇದಲ್ಲ."

ಅಷ್ಟರಲ್ಲಿ ಇನ್ನೊಂದು ಕಂಡಿತು. ಕೆಲವು ಹುಳ ಜಿಗಿಯದೆ ಸುಮ್ನೆ ಕೂತಿದ್ದವು. ಹೊಟ್ಟೆಯ ಹತ್ತಿರ ಬಿಳಿ ಗಂಟು. ಪಕ್ಕದ ಎಲೆಗಳ ಮೇಲೆ ಗಟ್ಟಿಯಾದ ಸಣ್ಣ ಬಿಳಿ ಗೂಡುಗಳು. ಎಪಿರಿಕಾನಿಯಾ ಅನ್ನೋ ಪುಟ್ಟ ಪತಂಗದ ಕೆಲಸ ಅದು. ಅದರ ಮರಿ ಪೈರಿಲ್ಲಾದ ಮೈಗೆ ಅಂಟಿಕೊಂಡು ಅದನ್ನೇ ಹೀರಿ ಬೆಳೆಯುತ್ತದೆ, ಆಮೇಲೆ ಎಲೆ ಮೇಲೆ ಗೂಡು ಕಟ್ಟುತ್ತದೆ. ಔಷಧ ಹೊಡೆದಿದ್ದರೆ ಇವೂ ಹೋಗುತ್ತಿದ್ದವು.

ಕಾಕಾ ನಂಬಲಿಲ್ಲ. ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು, ಕನ್ನಡಕ ಮೇಲೆ ಸರಿಸಿ ಬಹಳ ಹೊತ್ತು ನೋಡಿದರು. "ಹುಳಕ್ಕ ಹುಳ ಹತ್ತೈತಲ್ಲೋ" ಅಂದರು. ಗೂಡಿದ್ದ ಎಲೆಗಳನ್ನು ಕೊಯ್ದು, ಗೂಡು ಕಾಣದ ಆಚೆ ಪಟ್ಟಿಗೆ ಒಯ್ದೆವು. ಅಲ್ಲಿನ ಕಬ್ಬಿನ ಎಲೆಗೆ ಜಾಲಿ ಮುಳ್ಳಿನಿಂದ ಒಂದೊಂದಾಗಿ ಚುಚ್ಚಿದೆವು. ಕೈಯೆಲ್ಲ ಗೀರು.

ವಾಪಸ್ ಬರುವಾಗ, ಕಬ್ಬು ಕಡಿದ ಮೇಲೆ ರವದಿ, ಅಂದರೆ ಉಳಿದ ಒಣ ಎಲೆ, ಸುಟ್ಟರೆ ಗೂಡುಗಳೂ ಸುಟ್ಟುಹೋಗುತ್ತವೆ ಅಂದೆ. ಕಾಕಾ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು. ರವದಿ ಬಗ್ಗೆ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.