ಒಂದೇ ಮೋಟರ್, ಹತ್ತಾರು ಯಂತ್ರ

ಕೊರೆಯುವ ಡ್ರಿಲ್, ಕತ್ತರಿಸುವ ಜಿಗ್‌ಸಾ, ಉಜ್ಜಿ ನುಣುಪು ಮಾಡುವ ಸ್ಯಾಂಡರ್. ಮಾಡುವ ಕೆಲಸ ಬೇರೆ ಬೇರೆ, ಸರಿ. ಒಳಗೆ ತಿರುಗುವ ಮೋಟರ್ ಕೂಡ ಬೇರೆಯೇ ಇರಬೇಕಾ? 1970ರ ದಶಕದ ಶುರುವಿನಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಬೇಡ ಅಂತ ತೀರ್ಮಾನಿಸಿತು. ಶಾಕ್ ಹೊಡೆಯದಂತೆ ಉಪಕರಣಗಳಿಗೆ ಎರಡು ಪದರದ ಇನ್ಸುಲೇಶನ್ ಕೊಡಬೇಕಿತ್ತು. ಹೇಗೂ ಎಲ್ಲ ಬಿಚ್ಚಬೇಕು ಅಂದಮೇಲೆ, ಒಂದೊಂದನ್ನೇ ತೇಪೆ ಹಾಕುತ್ತಾ ಕೂರದೆ, ಇಡೀ ಸಂಸಾರವನ್ನೇ ಒಟ್ಟಿಗೆ ಹೊಸದಾಗಿ ವಿನ್ಯಾಸ ಮಾಡಿದರು.

ನನಗೆ ತುಂಬ ಹಿಡಿಸಿದ್ದು ಮೋಟರಿನ ಉಪಾಯ. ಅಡ್ಡಳತೆ ಎಲ್ಲದಕ್ಕೂ ಒಂದೇ, ಉದ್ದ ಮಾತ್ರ ಬೇರೆ. ಮೋಟರಿನೊಳಗೆ ತೆಳು ಉಕ್ಕಿನ ಹಾಳೆಗಳನ್ನು ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಜೋಡಿಸಿರುತ್ತಾರಲ್ವಾ, ಜಾಸ್ತಿ ಶಕ್ತಿ ಬೇಕಾದರೆ ಇನ್ನಷ್ಟು ಹಾಳೆ ಪೇರಿಸಿ ಅದಕ್ಕೆ ತಕ್ಕಂತೆ ತಂತಿ ಸುತ್ತಿದರಾಯಿತು. ಹೀಗೆ 60 ವ್ಯಾಟ್‌ನಿಂದ 650 ವ್ಯಾಟ್‌ವರೆಗಿನ ಮೋಟರುಗಳು ಒಂದೇ ಅಚ್ಚಿನ ಅಣ್ಣತಮ್ಮಂದಿರಾದವು.

ಸುಮ್ನೆ ಸಿಗುವ ಲಾಭವಲ್ಲ ಇದು. ದೊಡ್ಡ ಯಂತ್ರಕ್ಕೂ ಹೊಂದುವ ಅಡ್ಡಳತೆಯನ್ನು ಸಣ್ಣದೂ ಹೊರಬೇಕು. ಅಂಗಿ ಒಂದೇ ಅಳತೆ, ಅಣ್ಣನಿಗೆ ಬಿಗಿ, ತಮ್ಮನಿಗೆ ದೊಗಳೆ. ಎಲ್ಲಿ ಹಂಚಿಕೊಳ್ಳಬೇಕು, ಎಲ್ಲಿ ಬೇರೆಯಾಗಬೇಕು ಅನ್ನುವುದೇ ಇಲ್ಲಿನ ನಿಜವಾದ ಕಷ್ಟ.

ಕಾರುಗಳಲ್ಲೂ ಇದೇ ಕಥೆ. 1990ರ ದಶಕದ ಕೊನೆಗೆ ಫೋಕ್ಸ್‌ವ್ಯಾಗನ್ ಗುಂಪಿನ ಗಾಲ್ಫ್, ಆಡಿ ಎ3, ಸ್ಕೋಡಾ ಆಕ್ಟೇವಿಯಾ, ನ್ಯೂ ಬೀಟಲ್ ಎಲ್ಲವೂ ಒಂದೇ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ಅಡಿಯ ಮೂಲ ಚೌಕಟ್ಟಿನ ಮೇಲೆ ನಿಂತಿದ್ದವು. ಒಳಗಿನದು ಒಂದೇ ಅಂತ ಗೊತ್ತಾದರೆ ಆಡಿಗೆ ಜಾಸ್ತಿ ಯಾಕೆ ಕೊಡಬೇಕು ಅಂತ ಕೇಳುವವರು ಇದ್ದೇ ಇರುತ್ತಾರೆ, ನಾನೂ ಕೇಳುತ್ತೇನೆ. ಆದರೆ ಅದೇ ಬುಡದಿಂದ ಆಡಿ ಟಿಟಿಯೂ ಬಂತು. ಆಕ್ಟೇವಿಯಾ ಪಕ್ಕ ನಿಲ್ಲಿಸಿ ನೋಡಿ, ನೆಂಟಸ್ತಿಕೆ ಇದೆ ಅಂದರೆ ಯಾರೂ ನಂಬಲ್ಲ.